ಥೋರೋ ಮತ್ತು ಕಾಡಿನ ನೊಣಗಳು

ಪ್ರಕೃತಿಪ್ರೇಮಿಗಳಾದ ಲೇಖಕರನ್ನು ನೆನೆಯುವಾಗ ನಮ್ಮ ಕಣ್ಣ ಮುಂದೆ ಒಂದು ಸಿದ್ಧಚಿತ್ರ ಬಂದು ನಿಲ್ಲುತ್ತದೆ. ತಿಳಿಗೊಳದ ದಂಡೆ, ಮುಗಿಲು ಮುಟ್ಟುವ ಮರಗಳು, ಎಳೆಬಿಸಿಲು, ಎಲ್ಲೋ ಒಂದು ಹಕ್ಕಿಯ ಕೂಗು, ಇವುಗಳ ನಡುವೆ ಧ್ಯಾನಮಗ್ನನಾಗಿ ಕುಳಿತ ಒಬ್ಬ ಮಹನೀಯ. ಆ ಚಿತ್ರದಲ್ಲಿ ಸೊಳ್ಳೆ ಇರುವುದಿಲ್ಲ, ನೊಣವೂ ಇರುವುದಿಲ್ಲ. ಬೇಸಿಗೆಯ ಒಂದು ಸಂಜೆಯನ್ನಾದರೂ ನಿಜವಾದ ಕಾಡಿನಲ್ಲಿ ಕಳೆದವರು ಮಾತ್ರ ಆ ಚಿತ್ರವನ್ನು ನೋಡಿ ಒಳಗೊಳಗೇ ನಗುತ್ತಾರೆ. ಅಂಥ ಮಹನೀಯರಲ್ಲಿ ಅಗ್ರಗಣ್ಯನೆನಿಸಿದ ಅಮೆರಿಕದ ಹೆನ್ರಿ ಡೇವಿಡ್ ಥೋರೋವಿನ ಜೀವನವನ್ನು ಇಂದು ನಾನು ಈ ಬಿಟ್ಟುಹೋದ ಕಡೆಯಿಂದ ನೋಡಬೇಕೆಂದಿದ್ದೇನೆ. ಇದೇನು ಕ್ಷುದ್ರವಾದ ಆಯ್ಕೆ ಎಂದು ವಾಚಕರು ಹುಬ್ಬೇರಿಸಬಾರದು. ಮನುಷ್ಯನ ಪ್ರೀತಿ ಎಷ್ಟು ಗಟ್ಟಿಯಾದುದು ಎಂಬುದನ್ನು ದೊಡ್ಡ ವಿಪತ್ತುಗಳಿಗಿಂತ ಸಣ್ಣ ಕಾಟಗಳೇ ಹೆಚ್ಚು ನಿಷ್ಪಕ್ಷಪಾತವಾಗಿ ಪರೀಕ್ಷಿಸುತ್ತವೆ.

ಥೋರೋ ಹುಟ್ಟಿದ್ದು 1817ರ ಜುಲೈ 12ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾಂಕರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ಪೆನ್ಸಿಲ್ ತಯಾರಿಕೆಯ ಉದ್ಯೋಗ. ಹಾರ್ವರ್ಡಿನಲ್ಲಿ ಓದಿ 1837ರಲ್ಲಿ ಪದವೀಧರನಾಗಿ ಮನೆಗೆ ಮರಳಿದ ಮಗ ಉಪಾಧ್ಯಾಯನಾದ, ತಂದೆಯ ಪೆನ್ಸಿಲ್ಲುಗಳನ್ನು ಸುಧಾರಿಸಿದ, ಜಮೀನುಗಳ ಮೋಜಣಿ ಮಾಡಿದ. ಆದರೆ ಯಾವುದನ್ನೂ ಬಾಳಿನ ಪರಮಾರ್ಥವೆಂದು ಭಾವಿಸಲಿಲ್ಲ. ಅಣ್ಣ ಜಾನ್‌ನೊಡನೆ 1839ರ ಬೇಸಿಗೆಯ ಕೊನೆಯಲ್ಲಿ ದೋಣಿಯೇರಿ ಕಾಂಕರ್ಡ್ ಮತ್ತು ಮೆರಿಮ್ಯಾಕ್ ನದಿಗಳಲ್ಲಿ ಎರಡು ವಾರ ಸಂಚರಿಸಿ ಬಂದ. ಕ್ಷೌರದ ಕತ್ತಿಯ ಸಣ್ಣ ಗಾಯವೊಂದು ಧನುರ್ವಾಯುವಿಗೆ ತಿರುಗಿ ಆ ಅಣ್ಣ 1842ರ ಜನವರಿಯಲ್ಲಿ ತೀರಿಕೊಂಡ. ಅವನ ನೆನಪಿಗೆಂದೇ ಬರೆದಂತಿರುವ ಆ ನದೀಯಾತ್ರೆಯ ಪುಸ್ತಕ 1849ರಲ್ಲಿ ಹೊರಬಂದಿತು. ಅಚ್ಚಾದ ಸಾವಿರ ಪ್ರತಿಗಳಲ್ಲಿ 706 ಪ್ರತಿಗಳು ಮಾರಾಟವಾಗದೆ ನಾಲ್ಕು ವರ್ಷಗಳ ಅನಂತರ ಅವನ ಮನೆಗೇ ಹಿಂದಿರುಗಿದವು.

1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ ಅವನು ವಾಲ್ಡನ್ ಕೊಳದ ದಂಡೆಯಲ್ಲಿ ತಾನೇ ಕಟ್ಟಿಕೊಂಡ ಕುಟೀರದಲ್ಲಿ ವಾಸಿಸಿದ ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಹತ್ತಡಿ ಅಗಲ, ಹದಿನೈದಡಿ ಉದ್ದದ ಆ ಮನೆಗೆ ತಗುಲಿದ ವೆಚ್ಚ 28 ಡಾಲರು ಹನ್ನೆರಡೂವರೆ ಸೆಂಟು. ಅಲ್ಲಿ ಅವನು ವಿಲ್ಕಿನ್ಸನ ಇಂಗ್ಲಿಷ್ ಅನುವಾದದಲ್ಲಿ ಭಗವದ್ಗೀತೆಯನ್ನು ಓದುತ್ತಿದ್ದ. ಅಲ್ಲಿ ವಾಸವಾಗಿದ್ದಾಗಲೇ, 1846ರ ಜುಲೈಯಲ್ಲಿ, ತಲೆಗಂದಾಯ ಕೊಡಲೊಪ್ಪದೆ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದ. ಆ ಒಂದು ರಾತ್ರಿಯಿಂದ ಹುಟ್ಟಿದ ಪ್ರಬಂಧದ ಭಾಗಗಳನ್ನು ಗಾಂಧೀಜಿ 1907ರಲ್ಲಿ ದಕ್ಷಿಣ ಆಫ್ರಿಕದ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಹೀಗೆ ನಮಗೂ ಅವನಿಗೂ ನಂಟು ಬೆಳೆಯಿತು. ಆ ನಂಟಿನ ಗೌರವದಲ್ಲಿ ನಾವು ಅವನನ್ನು ಋಷಿಯೆಂದು ಕರೆದೆವು. ಋಷಿಯನ್ನು ಸೊಳ್ಳೆ ಕಚ್ಚುತ್ತದೆಯೇ ಎಂದು ಕೇಳುವುದನ್ನು ಬಿಟ್ಟೆವು.

ಸೊಳ್ಳೆಯ ವಿಷಯದಲ್ಲಿ ಥೋರೋ ಮೊದಮೊದಲು ಕವಿಯಾಗಿಯೇ ಮಾತನಾಡಿದವನು. 1849ರ ನದೀಯಾತ್ರೆಯ ಪುಸ್ತಕದಲ್ಲಿ ಅವನದೊಂದು ವಿಲಕ್ಷಣವಾದ ಆಸೆಯಿದೆ: ಬೇಸಿಗೆಯ ಇಡೀ ಒಂದು ದಿನ, ಯಾರೂ ಸುಳಿಯದ ಜೌಗಿನಲ್ಲಿ ಗದ್ದದವರೆಗೆ ಮುಳುಗಿ ನಿಂತು, ಕಾಡುಹೂವಿನ ಗಂಧವನ್ನು ಮೂಸುತ್ತ, ನುಸಿ ಸೊಳ್ಳೆಗಳ ಗಾನವನ್ನು ಜೋಗುಳದಂತೆ ಕೇಳುತ್ತಿರುವುದು ಎಂಥ ಭೋಗವೆಂದು ಅವನು ಕಲ್ಪಿಸಿಕೊಳ್ಳುತ್ತಾನೆ. 1854ರಲ್ಲಿ ಪ್ರಕಟವಾದ ‘ವಾಲ್ಡನ್’ ಗ್ರಂಥದಲ್ಲಿ ಇದೇ ಭಾವ ಇನ್ನಷ್ಟು ಎತ್ತರಕ್ಕೇರುತ್ತದೆ. ಬಾಗಿಲು ಕಿಟಕಿಗಳನ್ನು ತೆರೆದಿಟ್ಟುಕೊಂಡು ಕುಳಿತ ಅರುಣೋದಯದ ಹೊತ್ತಿನಲ್ಲಿ, ಕಣ್ಣಿಗೆ ಕಾಣದೆ ಕೋಣೆಯಲ್ಲಿ ಸುತ್ತುವ ಒಂದು ಸೊಳ್ಳೆಯ ಸಣ್ಣ ದನಿ ಅವನ ಕಿವಿಗೆ ಹೋಮರನ ಮಹಾಕಾವ್ಯದಂತೆ ಕೇಳಿಸಿತಂತೆ. ತರಗತಿಯಲ್ಲಿ ಈ ಸಂದರ್ಭವನ್ನು ನಾನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ನಗೆ ಏಳುವುದುಂಟು. ಆ ನಗೆಯನ್ನು ನಾನು ಅವಿನಯವೆಂದು ಎಣಿಸುವುದಿಲ್ಲ. ಅದು ಅನುಭವದ ನಗೆ. ಆ ನಗೆಗೆ ಉತ್ತರವೂ ಥೋರೋವಿನ ಬಾಳಿನಲ್ಲೇ ಇದೆ. ಅದು ವಾಲ್ಡನ್ನಿನಲ್ಲಿಲ್ಲ, ಮೇನ್ ಪ್ರಾಂತದ ಅರಣ್ಯದಲ್ಲಿದೆ.

ಮೇನ್ ಎಂಬುದು ಕಾಂಕರ್ಡಿಗೆ ಬಹುದೂರ ಈಶಾನ್ಯದಲ್ಲಿರುವ, ಕೆನಡಾದ ಗಡಿಗೆ ಹತ್ತಿದ ಸೀಮೆ. ಸರೋವರಕ್ಕೆ ಸರೋವರ ಹೆಣೆದುಕೊಂಡಿರುವ ಆ ನಾಡಿನಲ್ಲಿ ಅಂದು ರಸ್ತೆಗಳೆಂದರೆ ಹೊಳೆಗಳೇ. ಥೋರೋ ಅಲ್ಲಿಗೆ ಮೂರು ಸಲ ಕಾಡುಪಯಣ ಹೋದ. ಮೊದಲ ಸಲ 1846ರಲ್ಲಿ, ವಾಲ್ಡನ್ ವಾಸದ ನಡುವೆಯೇ. ಆಗ 5,260 ಅಡಿಗೂ ಎತ್ತರವಾದ ಕಟಾಡಿನ್ ಪರ್ವತವನ್ನು ಏರಹೊರಟು, ಮೋಡಗಳ ನಡುವೆ ತುದಿಯನ್ನು ಕಾಣದೆ ಇಳಿದ. ಎರಡನೆಯದು 1853ರಲ್ಲಿ. ಈ ಎರಡೂ ಯಾತ್ರೆಗಳು ನಡೆದದ್ದು ಸೆಪ್ಟೆಂಬರಿನಲ್ಲಿ. ಬೇಸಿಗೆಯಲ್ಲಿ ಸೊಳ್ಳೆ, ಕರಿನೊಣ, ನುಸಿಗಳ ದೆಸೆಯಿಂದ ಆ ಕಾಡುಗಳಲ್ಲಿ ಓಡಾಡುವುದು ಅಸಾಧ್ಯಪ್ರಾಯವೆಂದೂ, ತಾನು ಹೋದಾಗ ಅವುಗಳ ದೊರೆತನ ಬಹುಮಟ್ಟಿಗೆ ಮುಗಿದಿತ್ತೆಂದೂ ಮೊದಲ ಯಾತ್ರೆಯ ಕಥನದಲ್ಲಿ ಅವನು ಸ್ಪಷ್ಟವಾಗಿ ಹೇಳಿಕೊಂಡಿದ್ದಾನೆ. ಜೌಗಿನಲ್ಲಿ ನಿಂತು ಸೊಳ್ಳೆಯ ಗಾನವನ್ನು ಕೇಳಬಯಸಿದ ಕವಿ, ಪಯಣದ ದಿನವನ್ನು ಗೊತ್ತುಮಾಡುವಾಗ ಗಾಯಕರು ಊರು ಬಿಟ್ಟ ಕಾಲವನ್ನೇ ಮೆಚ್ಚಿಕೊಂಡಿದ್ದ!

ಮೂರನೆಯ ಯಾತ್ರೆ 1857ರದು, ಅದು ನಡುಬೇಸಿಗೆ. ಜುಲೈ 20ರಂದು ಕಾಂಕರ್ಡ್ ಬಿಟ್ಟ ಥೋರೋವಿನ ಜೊತೆಗಾರ ಅದೇ ಊರಿನ ಎಡ್ವರ್ಡ್ ಹೋರ್. 1844ರಲ್ಲಿ ಇವರಿಬ್ಬರೂ ಮೀನು ಬೇಯಿಸಲೆಂದು ಹೊತ್ತಿಸಿದ ಬೆಂಕಿ ಹಬ್ಬಿ ಕಾಂಕರ್ಡಿನ ಸುಮಾರು 300 ಎಕರೆ ಕಾಡು ಸುಟ್ಟುಹೋಗಿತ್ತು. ದಾರಿತೋರುವವನಾಗಿ ಸಿಕ್ಕಿದವನು ಪೆನಾಬ್‌ಸ್ಕಾಟ್ ಜನಾಂಗದ ಜೋ ಪೋಲಿಸ್. ದಿನಕ್ಕೆ ಒಂದೂವರೆ ಡಾಲರು ಕೂಲಿ, ಅವನ ದೋಣಿಗೆ ವಾರಕ್ಕೆ ಅರ್ಧ ಡಾಲರು ಬಾಡಿಗೆ ಎಂದು ಮಾತಾಯಿತು. ಪೋಲಿಸ್ ಬರಿಯ ಕೂಲಿಯಾಳಾಗಿರಲಿಲ್ಲ. ಸ್ವಂತ ಮನೆ, ಜಮೀನು ಉಳ್ಳವನು. ತನ್ನ ಜನಾಂಗದ ಪ್ರತಿನಿಧಿಯಾಗಿ ವಾಷಿಂಗ್ಟನ್ನಿಗೂ ಹೋಗಿಬಂದವನು. ಯಾವ ಗಿಡದಿಂದ ಯಾವ ಮದ್ದು, ಯಾವ ಎಲೆಯಿಂದ ಯಾವ ಕಷಾಯ ಎಂಬುದನ್ನು ಬಲ್ಲವನು. ತಾನು ಬಲ್ಲುದನ್ನೆಲ್ಲ ನಿನಗೆ ಹೇಳುತ್ತೇನೆ, ನೀನು ಬಲ್ಲುದನ್ನೆಲ್ಲ ನನಗೆ ಹೇಳಬೇಕು ಎಂದು ಥೋರೋ ಅವನೊಡನೆ ಒಪ್ಪಂದ ಮಾಡಿಕೊಂಡ. ಗುರುಶಿಷ್ಯರ ಪಾತ್ರವನ್ನು ಇಬ್ಬರೂ ಸರದಿಯಂತೆ ವಹಿಸಬೇಕಾದ ಇಂಥ ಒಪ್ಪಂದ ನಮ್ಮ ವಿದ್ಯಾಲಯಗಳಲ್ಲಿಯೂ ಅಪರೂಪವೇ.

ಒಂದು ಸರೋವರದಿಂದ ಇನ್ನೊಂದಕ್ಕೆ ನೀರಿನ ದಾರಿಯಿಲ್ಲದ ಕಡೆ ದೋಣಿಯನ್ನು ತಲೆಯ ಮೇಲೆ ಹೊತ್ತು ಕಾಡಿನೊಳಗೆ ನಡೆಯಬೇಕು. ಮಡ್ ಪಾಂಡ್, ಎಂದರೆ ಕೆಸರುಗೊಳ, ಎಂಬಲ್ಲಿಗೆ ಹೋಗುವ ಸುಮಾರು ಎರಡು ಮೈಲಿಯ ಅಂಥ ದಾರಿಯಲ್ಲಿ ಪೋಲಿಸ್ ದೋಣಿ ಹೊತ್ತು ಮುಂದೆ ಹೋದ. ಹಿಂದುಳಿದ ಇಬ್ಬರು ಮಿತ್ರರು ಕವಲಿನಲ್ಲಿ ದಾರಿ ತಪ್ಪಿ, ಮೊಳಕಾಲುದ್ದ ಹುಗಿಯುವ ಜೌಗಿಗೆ ಸಿಕ್ಕಿಬಿದ್ದರು. ಹಿಂದೆ ಬಯಸಿದ್ದ ಜೌಗು ಈಗ ಕೇಳದೆಯೇ ದೊರಕಿತು. ಎತ್ತ ಹೋಗಬೇಕೆಂದು ತಿಳಿಯದ ಕವಲೊಂದರಲ್ಲಿ, ಆ ಕತ್ತಲುಗವಿದ ಕಾಡುಹಾದಿಯಲ್ಲಿ ಥೋರೋ ಕುಳಿತಾಗ ಕರಿನೊಣಗಳ ಹಿಂಡು ಅವನನ್ನು ಮುತ್ತಿತು. ಮೊದಲು ಚರ್ಮಕ್ಕೆ ತಿಳಿಯಿತು, ಆಮೇಲೆ ಕಣ್ಣಿಗೆ ಕಂಡಿತು. ಒಂದು ಅಂಗುಲದ ಹತ್ತನೆಯ ಒಂದು ಭಾಗದಷ್ಟು ಉದ್ದದ, ರೂಪದಲ್ಲಿ ಎಲ್ಲ ಬಗೆಯಿಂದಲೂ ಪೂರ್ಣವಾದ ನೊಣವೆಂದು ಅವನು ಅದನ್ನು ವರ್ಣಿಸುತ್ತಾನೆ. ದಾರಿ ತಪ್ಪಿ, ಕೆಸರು ಮೆತ್ತಿ, ನೊಣ ಮುತ್ತಿ ಕುಳಿತವನು ನೊಣದ ಅಳತೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಬ್ಯಾಂಗರ್ ಪಟ್ಟಣದ ಹಿತೈಷಿಗಳು ತಯಾರಿಸಿಕೊಟ್ಟಿದ್ದ ಒಂದು ಲೇಪನ ಅವನ ಚೀಲದಲ್ಲಿತ್ತು. ಆಲಿವ್ ಎಣ್ಣೆ, ಟರ್ಪೆಂಟೈನ್, ಸ್ವಲ್ಪ ಪುದೀನದ ತೈಲ, ಕರ್ಪೂರ, ಇಷ್ಟು ಅದರ ದ್ರವ್ಯಗಳು. ಮುಖಕ್ಕೂ ಕೈಗಳಿಗೂ ಬಳಿದುಕೊಂಡ ಮೇಲೆ ನೊಣಗಳು ಅಲ್ಲಿ ಕೂಡಲಿಲ್ಲ. ಆದರೆ ಅದರ ಪ್ರಭಾವ ಇಪ್ಪತ್ತು ನಿಮಿಷ ಮಾತ್ರ. ಕಾರಣ ಸುಲಭವಾಗಿದೆ: ನೊಣವನ್ನು ಓಡಿಸುವ ಗುಣವಿರುವುದು ಗಾಳಿಗೆ ಹಾರಿಹೋಗುವ ಆ ಗಂಧದಲ್ಲೇ, ಗಂಧ ಹಾರಿದರೆ ಉಳಿಯುವುದು ಜಿಡ್ಡು. ಕೊನೆಗೆ ಥೋರೋ, ಈ ಅಂಟನ್ನು ಮುಖಕ್ಕೆ ಮೆತ್ತಿಕೊಂಡಿರುವುದಕ್ಕಿಂತ ಕಡಿತವೇ ಮೇಲೆಂದು ತೀರ್ಮಾನಿಸಿದ. ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ಡೀಟ್ ಎಂಬ ರಾಸಾಯನಿಕವನ್ನು ಅಮೆರಿಕದ ಸೈನ್ಯ ಬೆಳಕಿಗೆ ತಂದದ್ದು 1946ರಲ್ಲಿ. ಅದು ಸಾಮಾನ್ಯ ಜನರ ಬಳಕೆಗೆ ಬಂದದ್ದು 1957ರಲ್ಲಿ, ಎಂದರೆ ಥೋರೋ ಆ ಕವಲುದಾರಿಯಲ್ಲಿ ಕುಳಿತ ಸರಿಯಾಗಿ ನೂರು ವರ್ಷಗಳ ಮೇಲೆ.

ಆ ನೊಣದ ಸ್ವಭಾವವನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಸೊಳ್ಳೆ ನಿಂತ ನೀರಿನ ಸಂತಾನ. ಕರಿನೊಣ ಹರಿಯುವ ನೀರಿನ ಸಂತಾನ. ಹೊಳೆ ತಿಳಿಯಾಗಿ ವೇಗವಾಗಿ ಹರಿದಷ್ಟೂ ಅದರ ಮರಿಗಳಿಗೆ ಅನುಕೂಲ. ಸೊಳ್ಳೆ ಸೂಜಿ ಚುಚ್ಚಿ ಹೀರಿದರೆ ಇದು ಚರ್ಮವನ್ನು ಕತ್ತರಿಸಿ, ಒಸರಿದ ರಕ್ತವನ್ನು ನೆಕ್ಕುತ್ತದೆ. ಅದರ ಜೊಲ್ಲಿನಲ್ಲಿ ನೋವನ್ನು ಮರೆಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯಗಳಿರುವುದರಿಂದ ಕಚ್ಚಿದ್ದು ತಿಳಿಯುವ ಮೊದಲೇ ರಕ್ತ ಇಳಿದಿರುತ್ತದೆ. ಕಚ್ಚುವುದು ಹೆಣ್ಣು ಮಾತ್ರ. ಆ ರಕ್ತ ಅದರ ಮೊಟ್ಟೆಗಳ ಪೋಷಣೆಗೆ. ಯಾವ ನಿರ್ಮಲವಾದ ತೊರೆಯನ್ನು ಕವಿ ಹಾಡಿ ಹೊಗಳುತ್ತಾನೋ ಆ ತೊರೆಯೇ ಅವನ ಕೊರಳಿಗೆ ನೊಣವನ್ನು ಕಳಿಸುತ್ತದೆ. ಎರಡನ್ನೂ ಬೇರ್ಪಡಿಸಿ ಒಂದನ್ನು ಮಾತ್ರ ಪಡೆಯುವ ವರವನ್ನು ಪ್ರಕೃತಿ ಯಾರಿಗೂ ಕೊಟ್ಟಿಲ್ಲ.

ಪೋಲಿಸ್ ಹುಡುಕಿಕೊಂಡು ಬಂದು ಇಬ್ಬರನ್ನೂ ಕಂಡುಹಿಡಿದ. ಮುಂದೆ ಸರೋವರದ ಮರಳದಂಡೆಯ ಬೀಡಿನಲ್ಲಿ ಥೋರೋ ಕಚ್ಚುವ ಕೀಟಗಳನ್ನು ಒಂದು ಪಟ್ಟಿಯಾಗಿ ಬರೆದಿಟ್ಟ. ರಾತ್ರಿಯ ಸೊಳ್ಳೆ ಒಂದು. ಹಗಲಿನ ಕರಿನೊಣ ಎರಡು. ಮೂಸ್ ಎಂಬ ಭಾರಿ ಕಾಡುಸಾರಂಗದ ಹೆಸರಿನ, ಅಂಗುಲದ ಹದಿನಾರರಲ್ಲಿ ಹನ್ನೊಂದು ಭಾಗ ಉದ್ದದ ದೊಡ್ಡ ಕಂದುನೊಣ ಮೂರು. ಮೂಲನಿವಾಸಿಗಳು ಕಾಣದ ಹುಳುವೆಂದೇ ಹೆಸರಿಟ್ಟ, ಮರಳಿನ ಮೇಲಾಡುವ ಅತಿಸೂಕ್ಷ್ಮವಾದ ನುಸಿ ನಾಲ್ಕು. ಕರಿನೊಣಗಳು ಜೂನ್ ತಿಂಗಳಾದ ಮೇಲೆ ಕಾಣಿಸವೆಂದು ಬರೆದಿದ್ದ ಹಾರ್ವರ್ಡಿನ ಕೀಟಶಾಸ್ತ್ರಜ್ಞ ಹ್ಯಾರಿಸನ ಮಾತು ತಪ್ಪೆಂದು, ತನ್ನ ಚರ್ಮವನ್ನೇ ಸಾಕ್ಷಿಯಾಗಿಟ್ಟು, ತಿದ್ದಿದ. ಥೋರೋವಿಗೂ ಒಂದು ತಪ್ಪು ಬಿತ್ತು: ಕಾಣದ ನುಸಿಯನ್ನು ಅವನು ಕರಿನೊಣದ ಜಾತಿಗೇ ಸೇರಿಸಿದ; ಅದು ಬೇರೆ ಕುಟುಂಬದ್ದೆಂದು ಇಂದಿನ ಶಾಸ್ತ್ರ ಹೇಳುತ್ತದೆ.

ಆ ರಾತ್ರಿಯ ನಿಜವಾದ ಚಿತ್ರ ಪಟ್ಟಿಯಲ್ಲಿಲ್ಲ, ಪೋಲಿಸನಲ್ಲಿದೆ. ಕಾಡಿನ ಮಗನೆಂದು ನಾವು ಕರೆಯಬಹುದಾದ ಆ ಮನುಷ್ಯ ಮೂವರಲ್ಲಿ ಎಲ್ಲರಿಗಿಂತ ಹೆಚ್ಚು ನರಳಿದ. ಲೇಪನ ತನ್ನ ಚರ್ಮವನ್ನು ಕೆಡಿಸೀತೆಂದು ಅವನು ಅದನ್ನು ಮುಟ್ಟಲಿಲ್ಲ. ಅವನ ಬಳಿ ಮುಸುಕುಬಲೆಯೂ ಇರಲಿಲ್ಲ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ. ತಲೆಯನ್ನು ಕಂಬಳಿಯೊಳಗೆ ಹುದುಗಿಸಿದ. ಕೊನೆಗೆ ಬೆಂಕಿಗೂ ಗೆಳೆಯರಿಗೂ ನಡುವೆ ಮರಳಿನ ಮೇಲೆ ಮಲಗಿ ಹೊಗೆಯನ್ನು ಕಂಬಳಿಯೊಳಕ್ಕೆ ಎಳೆದುಕೊಳ್ಳಲು ಹೆಣಗಿದ. ಅದೂ ಸಾಲದೆ ಪೈಪು ಹೊತ್ತಿಸಿ ಅದರ ಹೊಗೆಯನ್ನೂ ಕಂಬಳಿಯೊಳಗೆ ಊದಿಕೊಂಡ. ಮುಸ್ಸಂಜೆಯಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿ ದನಗಳ ಪಕ್ಕದಲ್ಲೇ ಕಣ್ಣುಜ್ಜಿಕೊಳ್ಳುತ್ತ ಕುಳಿತ ನಮ್ಮ ರೈತರನ್ನು ಬಲ್ಲ ನನಗೆ, ಆ ದೂರದ ಮನುಷ್ಯ ಒಡನೆಯೇ ಪರಿಚಿತನಾಗುತ್ತಾನೆ.

ಈ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ಭ್ರಾಂತಿ ಒಡೆಯುತ್ತದೆ. ಅರಣ್ಯವಾಸಿಗಳಿಗೆ ಅರಣ್ಯದ ಕಾಟವಿಲ್ಲ, ಅವರ ಚರ್ಮವೇ ಬೇರೆ ಎಂಬುದು ಪಟ್ಟಣವಾಸಿಗಳ ನೆಮ್ಮದಿಯ ಕಲ್ಪನೆ. ನಾವು ಮಲೆನಾಡಿನ ಕೂಲಿಯವನನ್ನು ಕುರಿತು, ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವವರನ್ನು ಕುರಿತು ಹೀಗೆಯೇ ಹೇಳಿ ಕೈತೊಳೆದುಕೊಳ್ಳುವುದಿಲ್ಲವೆ? ರಕ್ಷಣೆಯಿಲ್ಲದಿದ್ದಾಗ ತನಗಿಂತಲೂ ಪೋಲಿಸನೇ ಹೆಚ್ಚು ಬಳಲುತ್ತಿದ್ದನೆಂದು ಥೋರೋ ಕಣ್ಣಿಟ್ಟು ನೋಡಿ, ಸರಳವಾಗಿ ಬರೆದ. ಮೂಲನಿವಾಸಿಗಳನ್ನು ಕುರಿತ ಟಿಪ್ಪಣಿಗಳಿಂದ ಹೊತ್ತಿಗೆ ಹೊತ್ತಿಗೆಗಳನ್ನೇ ತುಂಬಿಸಿದ್ದ ಅವನಿಗೆ, ಪುಸ್ತಕಗಳು ಕಟ್ಟಿಕೊಟ್ಟಿದ್ದ ಪ್ರತಿಮೆಗಿಂತ ಕಂಬಳಿಯೊಳಗೆ ಕೆಮ್ಮುತ್ತಿದ್ದ ಈ ಮನುಷ್ಯ ಹೆಚ್ಚು ಸತ್ಯವಾಗಿ ಕಂಡ.

ಬರೆದದ್ದೇನೋ ಸರಿ, ಪ್ರಕಟಿಸುವ ಬಗೆ ಹೇಗೆ? ಬಾಸ್ಟನ್ನಿನ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯ ಸಂಪಾದಕ ಲೋವೆಲ್ ಮೇನ್ ಯಾತ್ರೆಯ ಲೇಖನವನ್ನು ಬಯಸಿದಾಗ, 1858ರ ಜನವರಿಯಲ್ಲಿ ಥೋರೋ ಹೊಸ ಯಾತ್ರೆಯ ಕಥನವನ್ನು ಕೊಡಲು ಹಿಂದೆಗೆದ. ಅವನು ಕೊಟ್ಟ ಮುಖ್ಯ ಕಾರಣ ಗಮನಾರ್ಹವಾದದ್ದು. ಕಥೆಯ ಸ್ವಾರಸ್ಯವೆಲ್ಲ ಇರುವುದು ಪೋಲಿಸನ ನಡೆನುಡಿಗಳಲ್ಲಿ. ಆ ಪೋಲಿಸ್ ಓದಬಲ್ಲವನು, ಪತ್ರಿಕೆ ತರಿಸುವವನು. ತನ್ನನ್ನು ಕುರಿತದ್ದನ್ನು ಅವನು ಓದಿದರೆ ಮತ್ತೆ ಅವನ ಮುಖ ನೋಡುವುದು ತನ್ನಿಂದಾಗದು. ಹೀಗೆ 1853ರ ಹಳೆಯ ಯಾತ್ರೆಯ ಕಥನ ಪತ್ರಿಕೆಗೆ ಹೋಯಿತು, 1857ರದು ಪೆಟ್ಟಿಗೆಯಲ್ಲುಳಿಯಿತು. ಯಾವ ಮಾತು ಪೋಲಿಸನಿಗೆ ನೋವು ತಂದೀತೆಂದು ಅವನು ಅಂಜಿದನೋ ನಾವು ಗೊತ್ತುಮಾಡಲಾರೆವು. ಆ ಹೊಗೆಯ ರಾತ್ರಿಯೂ ಅಂಥದೊಂದಾಗಿರಬಹುದೆಂದು ನನ್ನ ಊಹೆ. ಅಂದಿನ ಕಾಲದಲ್ಲಿ ಮೂಲನಿವಾಸಿಗಳನ್ನು ಕುರಿತು ಬರೆದ ಎಷ್ಟು ಮಂದಿಗೆ, ತಾವು ಬರೆದದ್ದನ್ನು ಅವರೇ ಓದಬಹುದೆಂಬ ಸಂಕೋಚ ಹುಟ್ಟಿದ್ದೀತು?

ಅದೇ 1858ರ ಜುಲೈಯಲ್ಲಿ ಥೋರೋ ಹೋರ್‌ನೊಡನೆ ವಾಷಿಂಗ್ಟನ್ ಪರ್ವತದ ಟಕರ್ಮನ್ ಕಣಿವೆಯಲ್ಲಿ ಬೀಡುಬಿಟ್ಟಿದ್ದ. ಹೊಗೆಯನ್ನೂ ಬಿಳಿಯ ಡೇರೆಯನ್ನೂ ಗುರುತಾಗಿ ಹುಡುಕಿ ಬನ್ನಿರೆಂದು ಹಿಂದೆ ಬರಲಿದ್ದ ಮಿತ್ರರಾದ ಬ್ಲೇಕ್ ಮತ್ತು ಬ್ರೌನ್ ಅವರಿಗೆ ಚೀಟಿ ಬಿಟ್ಟಿದ್ದ. ದಾರಿತೋರುವವನು ಹೊತ್ತಿಸಿದ ಬೆಂಕಿ ಕುಳ್ಳುಮರಗಳಿಗೆ ಹಬ್ಬಿ ಗುರುತು ಬೇಕಾದದ್ದಕ್ಕಿಂತ ದೊಡ್ಡದೇ ಆಯಿತು. ಮಿತ್ರರು ಬಂದು ಸೇರಿದಾಗ ಮಳೆಯಲ್ಲಿ ನೆನೆದು, ಬಟ್ಟೆ ಹರಿದು, ಕರಿನೊಣಗಳ ಕಡಿತದಿಂದ ಮೈಯೆಲ್ಲ ರಕ್ತವಾಗಿದ್ದರು. ಆ ರಾತ್ರಿ ಐವರು ಒಂದೇ ಡೇರೆಯಲ್ಲಿ ಮಲಗಿದರು. ಮಾರನೆಯ ದಿನ ಥೋರೋವಿನ ಕಾಲು ಉಳುಕಿತು. ಅವನೇನೂ ಕಾಡನ್ನು ಶಪಿಸಲಿಲ್ಲ; ಬಿದ್ದಲ್ಲಿಂದಲೇ ಗಿಡಗಳ ಹೆಸರನ್ನು ಬರೆದುಕೊಳ್ಳುತ್ತಿದ್ದ.

ಹೀಗೆಂದು ಕಡಿತವನ್ನು ಸಹಿಸುವುದೇ ಪ್ರಕೃತಿಪ್ರೇಮದ ಲಕ್ಷಣವೆಂದು ಯಾರೂ ತಿಳಿಯಬಾರದು. ಥೋರೋ ಅಂಥ ಹಠಯೋಗಿಯಲ್ಲ. ಮೇನ್ ಕಾಡಿಗೆ ಹೋಗುವವರಿಗಾಗಿ ಅವನು ಸಿದ್ಧಪಡಿಸಿದ ಸಾಮಾನುಪಟ್ಟಿಯಲ್ಲಿ ಮುಸುಕುಬಲೆ, ಕೈಗವಸು, ಲೇಪನಗಳಿಗೆ ಸ್ಥಾನವಿದೆ. ರಾತ್ರಿ ಎಲ್ಲರನ್ನೂ ಮುಚ್ಚುವ ಸೊಳ್ಳೆಪರದೆ ಅವಕ್ಕಿಂತ ಉತ್ತಮವೆಂಬ ಸಲಹೆಯೂ ಇದೆ. ಅಪರಿಗ್ರಹವನ್ನು ಬೋಧಿಸಿದವನು ಸೊಳ್ಳೆಪರದೆಯನ್ನು ಅನಗತ್ಯವೆಂದು ಬಿಡಲಿಲ್ಲ. ಕಾಲವನ್ನು ನೋಡಿ ಹೋಗು, ಮೈಮುಚ್ಚಿ ನಡೆ, ಹೊಗೆಯ ಪಕ್ಕದಲ್ಲಿ ಮಲಗು, ಇಷ್ಟೇ ಅವನ ಅನುಭವದ ಸಾರ. ಸೊಳ್ಳೆ ರೋಗವನ್ನು ಹೊತ್ತು ತರುತ್ತದೆಂಬುದು ಅವನ ಕಾಲಕ್ಕೆ ತಿಳಿದಿರಲಿಲ್ಲ. ಮಲೇರಿಯದ ಬೀಜವನ್ನು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು 1897ರಲ್ಲಿ, ನಮ್ಮ ಸಿಕಂದರಾಬಾದಿನಲ್ಲಿ. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯ ಕಡಿತದಿಂದ. ಅಲ್ಲಿ ಸೌದೆಗೂ ಸೊಪ್ಪಿಗೂ ಕಾಡು ಹೊಗುವವರು ಮೈಗೆ ಬಳಿದುಕೊಳ್ಳುವ ಎಣ್ಣೆ ವಿಲಾಸದ ವಸ್ತುವಲ್ಲ, ಪ್ರಾಣದ ಕಾವಲು. ಕಾಡನ್ನು ಪ್ರೀತಿಸಿರೆಂದು ವಿದ್ಯಾರ್ಥಿಗಳಿಗೆ ಹೇಳುವ ನಾವು ಈ ಮಾತನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಥೋರೋವನ್ನು ಕ್ಷಯರೋಗ ಬಹುಕಾಲದಿಂದ ಹಿಂಬಾಲಿಸಿತ್ತು. 1862ರ ಮೇ 6ರಂದು, ನಲವತ್ತನಾಲ್ಕರ ವಯಸ್ಸಿನಲ್ಲಿ, ಅವನು ಕಾಂಕರ್ಡಿನ ಮನೆಯಲ್ಲಿ ಕಣ್ಣು ಮುಚ್ಚಿದ. ಕೊನೆಯ ದಿನಗಳಲ್ಲಿಯೂ ಅವನ ಮುಂದಿದ್ದ ಹಸ್ತಪ್ರತಿಗಳಲ್ಲಿ ಮೇನ್ ಅರಣ್ಯದ ಕಥನವೂ ಒಂದು. ಅವನ ಬಾಯಿಂದ ಕಡೆಯದಾಗಿ ಅರ್ಥವಾಗುವಂತೆ ಹೊರಟ ಎರಡು ಶಬ್ದಗಳಲ್ಲಿ ಒಂದು ಆ ಕಾಡಿನ ಸಾರಂಗದ ಹೆಸರು, ಇನ್ನೊಂದು ಆ ಕಾಡಿನ ಮೂಲನಿವಾಸಿಗಳನ್ನು ಅಂದು ಕರೆಯುತ್ತಿದ್ದ ಹೆಸರು ಎಂದು ಮಿತ್ರರು ದಾಖಲಿಸಿದ್ದಾರೆ. ಮೂರು ಯಾತ್ರೆಗಳ ಪುಸ್ತಕ ಹೊರಬಂದದ್ದು 1864ರಲ್ಲಿ, ಅವನು ಯಾರ ಮುಖವನ್ನೂ ನೋಡಬೇಕಾದ ಸಂಕೋಚವನ್ನು ದಾಟಿ ಹೋದ ಮೇಲೆ.

ಸೊಳ್ಳೆಯ ದನಿಯಲ್ಲಿ ಹೋಮರನನ್ನು ಕೇಳಿದ ಥೋರೋ ನಮಗೆ ಪ್ರಿಯನಾದವನು, ಅವನನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಅದೇ ಸೊಳ್ಳೆಯನ್ನು ಪಟ್ಟಿಗೆ ಸೇರಿಸಿ, ಅದಕ್ಕೆ ಬಲೆ ಹಿಡಿದು, ಪಕ್ಕದಲ್ಲಿ ನರಳುವವನನ್ನು ಗಮನಿಸಿದ ಥೋರೋ ನನಗೆ ಇನ್ನೂ ಹತ್ತಿರದವನು. ಮೊದಲನೆಯವನು ತನ್ನ ಕೋಣೆಯಲ್ಲಿ ಒಬ್ಬನೇ ಇದ್ದ. ಎರಡನೆಯವನ ಪಕ್ಕದಲ್ಲಿ ಇನ್ನಿಬ್ಬರು ಮನುಷ್ಯರಿದ್ದರು, ಅವರಿಗೂ ಕಡಿತ ಆಗುತ್ತಿತ್ತು.